ಒಂದು ಗದ್ದೆ, ಐದು ನ್ಯಾಯ: ಯಾರ ಮಾತನ್ನು ಯಾವಾಗ ಹಿಡಿಯಬೇಕು?

ನಮ್ಮ ಅಜ್ಜ ಚಾಲಗೇಣಿಗೆ, ಅಂದರೆ ಒಡೆಯರು ಬೇಕೆಂದಾಗ ಬಿಡಿಸಬಹುದಾದ ಗೇಣಿಗೆ, ಗದ್ದೆ ಮಾಡುತ್ತಿದ್ದವರು. ಭೂಸುಧಾರಣೆ ಬಂದಾಗ ಈ ಗದ್ದೆಯ ಗೇಣಿದಾರ ನಾನು ಎಂದು ಡಿಕ್ಲರೇಶನ್ ಕೊಟ್ಟರು, ಗದ್ದೆ ನಮ್ಮದಾಯಿತು. ಕರಾವಳಿಯಲ್ಲಿ ಇವತ್ತಿಗೂ ಹಾಗೇ ಹೇಳುವುದು, ‘ಡಿಕ್ಲರೇಶನ್‌ನಲ್ಲಿ ಬಂದ ಜಾಗ’ ಅಂತ. ಆದರೆ ಆ ಗದ್ದೆಯ ಒಡತಿ ದೊಡ್ಡ ಜಮೀನ್ದಾರರ ಮನೆಯವರಲ್ಲ. ಗಂಡ ತೀರಿಕೊಂಡಿದ್ದ ಒಬ್ಬ ಹೆಂಗಸು. ವರ್ಷಕ್ಕೊಮ್ಮೆ ಅಜ್ಜ ಹೊತ್ತು ತಂದು ಜಗಲಿಯಲ್ಲಿ ಇಳಿಸುತ್ತಿದ್ದ ಅಕ್ಕಿ ಮುಡಿಗಳಲ್ಲೇ ಅವರ ಮನೆ ನಡೆಯಬೇಕಿತ್ತು. ಅದೇ ಗದ್ದೆಯಲ್ಲಿ ಮೂರನೆಯವರೂ ಇದ್ದರು. ಮಳೆಗಾಲದಲ್ಲಿ ಬೆನ್ನು ಬಗ್ಗಿಸಿ ನೇಜಿ, ಅಂದರೆ ಭತ್ತದ ಸಸಿ, ನೆಡುತ್ತಿದ್ದ ಕೂಲಿ ಹೆಂಗಸು. ಅವರ ಹೆಸರಿನಲ್ಲಿ ಗದ್ದೆಯೂ ಇರಲಿಲ್ಲ, ಗೇಣಿಯೂ ಇರಲಿಲ್ಲ.

ಈ ಮೂವರಲ್ಲಿ ಗದ್ದೆ ಯಾರಿಗೆ ಸಿಕ್ಕಿದ್ದರೆ ನ್ಯಾಯ?

ಕಾಲೇಜಿನಲ್ಲಿ ರಾಜಕೀಯ ಚಿಂತನೆ ಓದುವಾಗಲೂ ಆಮೇಲೆಯೂ ನನ್ನನ್ನು ಬಿಡದೆ ಕಾಡಿದ ಪ್ರಶ್ನೆ ಇದು. ಸ್ವಾತಂತ್ರ್ಯ, ನ್ಯಾಯ, ಆರ್ಥಿಕತೆ ಎಂದು ವಾದ ಶುರುವಾದರೆ ರಾಲ್ಸ್, ನೋಜಿಕ್, ಹಾಯೆಕ್, ಸೇನ್, ಅಂಬೇಡ್ಕರ್ ಹೆಸರುಗಳು ಬಂದೇ ಬರುತ್ತವೆ. ಯಾರನ್ನು ಒಪ್ಪಬೇಕು, ಯಾರಿಂದ ಓದಲು ಶುರು ಮಾಡಬೇಕು ಎಂದು ಕೇಳುವವರು ಬಹಳ. ನಾನು ಹೇಳುವುದು ಇಷ್ಟು: ಎಡ, ಬಲ ಎಂಬ ಚೀಟಿ ನೋಡಿ ಆರಿಸಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಜಗಳವನ್ನು ತೆಗೆದುಕೊಂಡು ಐವರ ಮುಂದೆಯೂ ಇಡಿ. ಒಬ್ಬೊಬ್ಬರೂ ಮೊದಲು ಯಾವ ಪ್ರಶ್ನೆ ಕೇಳುತ್ತಾರೆ ಎಂದು ಗಮನಿಸಿ. ವ್ಯತ್ಯಾಸ ಇರುವುದು ಅಲ್ಲೇ.

ನನಗೆ ಗೊತ್ತಿರುವ ಜಗಳ ಭೂಸುಧಾರಣೆ. ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ 1961ರ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯಿತು. 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಭೂಮಿ ಸರ್ಕಾರದ್ದಾಯಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಕೊಡಬೇಕು, ಭೂನ್ಯಾಯ ಮಂಡಳಿ ವಿಚಾರಿಸಬೇಕು, ಒಪ್ಪಿದರೆ ಭೂಮಿ ಉಳುವವನ ಹೆಸರಿಗೆ. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಕಾನೂನಾದದ್ದು ಹೀಗೆ.

ನೋಜಿಕ್: ಇದು ನಿನ್ನ ಕೈಗೆ ಬಂದದ್ದು ಹೇಗೆ?

ಮೊದಲು ರಾಬರ್ಟ್ ನೋಜಿಕ್. ಇವರನ್ನು ಅರ್ಧಕ್ಕೇ ಓದಿ ಬಿಡುವವರು ಜಾಸ್ತಿ, ಅದಕ್ಕೇ ಇಲ್ಲಿಂದ ಶುರು ಮಾಡುತ್ತೇನೆ.

ಹಾರ್ವರ್ಡ್‌ನ ಈ ಮೇಷ್ಟ್ರು 1974ರಲ್ಲಿ, ಅಂದರೆ ನಮ್ಮಲ್ಲಿ ಗೇಣಿ ರದ್ದಾದ ವರ್ಷವೇ, ‘ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯಾ’ ಪ್ರಕಟಿಸಿದರು. ಅವರ ವಾದ ಸರಳ. ಯಾರ ಹತ್ತಿರ ಎಷ್ಟಿದೆ ಎಂದು ನೋಡಬೇಡಿ, ಹೇಗೆ ಬಂತು ಎಂದು ನೋಡಿ. ಮೊದಲು ಪಡೆದದ್ದು ಸರಿಯಾದ ದಾರಿಯಲ್ಲಿದ್ದು, ಆಮೇಲೆ ಕೈ ಬದಲಾದದ್ದೂ ಒಪ್ಪಿಗೆಯಿಂದಲೇ ಆಗಿದ್ದರೆ, ಅದು ಅವರದ್ದು. ಅದಕ್ಕೆ ಅವರು ಕೊಡುವ ಉದಾಹರಣೆ ಬ್ಯಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲಿನ್. ಅವನ ಆಟ ನೋಡಲು 10 ಲಕ್ಷ ಜನ ತಲೆಗೆ 25 ಸೆಂಟ್‌ನಂತೆ ಖುಷಿಯಿಂದ ಕೊಡುತ್ತಾರೆ. ಅವನ ಕೈಗೆ 2,50,000 ಡಾಲರ್ ಬರುತ್ತದೆ. ಕೊಟ್ಟವರಿಗೆ ದೂರಿಲ್ಲ ಅಂದಮೇಲೆ ತಪ್ಪು ಎಲ್ಲಿದೆ? ದುಡಿಮೆಯ ಮೇಲಿನ ತೆರಿಗೆಯನ್ನು ಬಿಟ್ಟಿ ದುಡಿತಕ್ಕೆ ಸಮ ಎನ್ನುವಷ್ಟು ದೂರ ಅವರು ಹೋಗುತ್ತಾರೆ.

ಹಾಗಾದರೆ ನೋಜಿಕ್ ಒಡೆಯರ ಪಕ್ಷ ಅಲ್ವಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಅವರದ್ದು ಮೂರನೆಯ ನಿಯಮವೂ ಇದೆ. ಹಿಂದೆ ಅನ್ಯಾಯ ಆಗಿದ್ದರೆ ಅದನ್ನು ಸರಿಪಡಿಸಬೇಕು. ಹಳೆಯ ಅನ್ಯಾಯ ತೀರ ದೊಡ್ಡದಾಗಿದ್ದರೆ, ಸ್ವಲ್ಪ ಕಾಲದ ಮಟ್ಟಿಗೆ ದೊಡ್ಡ ಸರ್ಕಾರವೇ ಬೇಕಾದೀತು ಎಂದು ಅದೇ ಪುಸ್ತಕದ ಏಳನೆಯ ಅಧ್ಯಾಯದಲ್ಲಿ ಒಪ್ಪಿಕೊಳ್ಳುತ್ತಾರೆ. ಇದನ್ನು ಇಟ್ಟುಕೊಂಡು ನಮ್ಮ ಕಡೆಯ ಭೂಮಿಯ ಇತಿಹಾಸ ನೋಡಿ. ಉಂಬಳಿ, ಇನಾಂ, ರಾಜ ಕೊಟ್ಟದ್ದು, ಸಾಲಕ್ಕೆ ಬರೆಸಿಕೊಂಡದ್ದು. ನೆಲ ಹೊಂದುವ ಹಕ್ಕೇ ಜಾತಿ ನೋಡಿ ಸಿಗುತ್ತಿದ್ದ ಕಾಲ ಅದು. ಎಷ್ಟು ಪಟ್ಟಾಗಳು ಮೊದಲ ನಿಯಮದಲ್ಲೇ ಪಾಸಾಗುತ್ತವೆ?

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ರೈತರು ಎದ್ದದ್ದನ್ನು ನೆನಪಿಸಿಕೊಳ್ಳಿ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಸತ್ಯಾಗ್ರಹ ಅದು. ಆ ಜಗಳ ಹೊತ್ತಿದ್ದು ಕೊಳಗದ ಮೇಲೆ. ಗೇಣಿ ಭತ್ತ ಅಳೆಯುವ ಕೊಳಗ ಅಳತೆಗಿಂತ ದೊಡ್ಡದು ಎಂಬುದು ಗೇಣಿದಾರರ ದೂರು. ಕಣದಲ್ಲಿ ನಿಂತು ಯೋಚಿಸಿ. ಒಪ್ಪಿದ್ದು ಇಷ್ಟು ಕೊಳಗ. ಆದರೆ ಪ್ರತಿ ಕೊಳಗದಲ್ಲೂ ಒಂದೆರಡು ಹಿಡಿ ಜಾಸ್ತಿ ಹೋಗುತ್ತಿದೆ. ವರ್ಷ ವರ್ಷವೂ, ತಲೆಮಾರು ತಲೆಮಾರೂ. ನೋಜಿಕ್ ಅವರ ಎರಡನೆಯ ನಿಯಮಕ್ಕೆ ಇದಕ್ಕಿಂತ ನೇರವಾದ ಪೆಟ್ಟು ಬೇರೆ ಇಲ್ಲ. ಕಾಗೋಡಿನ ಆ ದೂರನ್ನು ನೋಜಿಕ್ ಕೂಡ ಎತ್ತಿ ಹಿಡಿಯಲೇಬೇಕು.

ನಮ್ಮ ಒಡತಿಯ ವಿಷಯದಲ್ಲಿ ಮಾತ್ರ ಈ ದಾರಿ ಕಷ್ಟ. ಅವರು ಯಾರಿಗೂ ಮೋಸ ಮಾಡಿದವರಲ್ಲ. ಅವರ ಗಂಡನ ಅಜ್ಜ ಮಾಡಿದ್ದರೋ ಇಲ್ಲವೋ, ಹೇಳುವವರಿಲ್ಲ. ಇತಿಹಾಸ ಕೇಳುವ ನ್ಯಾಯಕ್ಕೆ ದಾಖಲೆ ಬೇಕು, ದಾಖಲೆ ಇದ್ದದ್ದು ಉಳ್ಳವರ ಪೆಟ್ಟಿಗೆಯಲ್ಲಿ.

ರಾಲ್ಸ್: ನೀನು ಯಾರಾಗಿ ಹುಟ್ಟುತ್ತೀಯೋ ಗೊತ್ತಿಲ್ಲದಿದ್ದರೆ?

ಜಾನ್ ರಾಲ್ಸ್ ಕೂಡ ಹಾರ್ವರ್ಡ್‌ನವರೇ. ‘ಎ ಥಿಯರಿ ಆಫ್ ಜಸ್ಟಿಸ್’ ಬಂದದ್ದು 1971ರಲ್ಲಿ. ಚಿಕ್ಕಂದಿನಲ್ಲಿ ಅವರಿಂದ ಕಾಯಿಲೆ ಅಂಟಿ ಇಬ್ಬರು ತಮ್ಮಂದಿರು ತೀರಿಕೊಂಡರು. ಒಬ್ಬ 1928ರಲ್ಲಿ, ಇನ್ನೊಬ್ಬ 1929ರಲ್ಲಿ. ಇವರು ಬದುಕಿದರು. ಯಾರ ಪಾಲಿಗೆ ಏನು ಬರುತ್ತದೆ ಎಂಬುದರಲ್ಲಿ ಅದೃಷ್ಟದ್ದು ಎಷ್ಟು, ಅರ್ಹತೆಯದ್ದು ಎಷ್ಟು ಎಂಬ ಪ್ರಶ್ನೆ ಅವರ ಇಡೀ ಬರವಣಿಗೆಯಲ್ಲಿದೆ. ಅದನ್ನು ಓದುವಾಗಲೆಲ್ಲ ನನಗೆ ಆ ಇಬ್ಬರು ಹುಡುಗರು ನೆನಪಾಗುತ್ತಾರೆ.

ಅವರು ಹೇಳುವುದು ಹೀಗೆ. ಒಂದು ಪರದೆಯ ಹಿಂದೆ ಕೂತು ಸಮಾಜದ ನಿಯಮ ಬರೆಯಿರಿ. ನೀವು ಗಂಡೋ ಹೆಣ್ಣೋ, ಒಡೆಯನೋ ಕೂಲಿಯೋ, ಜಾಣನೋ ದಡ್ಡನೋ, ನಿಮಗೇ ಗೊತ್ತಿಲ್ಲ. ಆಗ ಏನು ಬರೆಯುತ್ತೀರಿ? ಮೊದಲು ಎಲ್ಲರಿಗೂ ಸಮಾನವಾದ ಮೂಲ ಸ್ವಾತಂತ್ರ್ಯ. ಮಾತು, ಮತ, ಮನಸ್ಸಾಕ್ಷಿ, ಇವುಗಳನ್ನು ದುಡ್ಡಿಗೆ ಬದಲಾಯಿಸುವಂತಿಲ್ಲ. ಆಮೇಲೆ ಸ್ಥಾನಮಾನಗಳಿಗೆ ಎಲ್ಲರಿಗೂ ನಿಜವಾದ ಅವಕಾಶ. ಇನ್ನು ಅಸಮಾನತೆ ಇರುವುದೇ ಆದರೆ ಅದರಿಂದ ತೀರ ಕೆಳಗಿರುವವರಿಗೆ ಒಳ್ಳೆಯದಾಗಬೇಕು.

ನಮ್ಮ ಗದ್ದೆಗೆ ಇದನ್ನು ಹಚ್ಚಿದರೆ ಒಂದು ವಿಷಯ ತಟ್ಟನೆ ಕಾಣುತ್ತದೆ. ನಮ್ಮಲ್ಲಿ ವಾದ ನಡೆದದ್ದು ಒಡತಿಯ ಮತ್ತು ಗೇಣಿದಾರನ ನಡುವೆ. ರಾಲ್ಸ್ ಕಣ್ಣು ಹೋಗುವುದು ನೇಜಿ ನೆಟ್ಟ ಹೆಂಗಸಿನ ಕಡೆಗೆ. ಮೂವರಲ್ಲಿ ತೀರ ಕೆಳಗಿದ್ದವರು ಅವರೇ. ಸುಧಾರಣೆಯಿಂದ ಅವರ ಬದುಕು ಎಷ್ಟು ಎತ್ತಿತು ಎಂದು ಕೇಳದೆ ರಾಲ್ಸ್ ಅಂಕ ಕೊಡುವುದಿಲ್ಲ. ಗೇಣಿಗೆ ಕೊಟ್ಟ ಭೂಮಿಯ ಮೇಲಿನ ಒಡೆತನವನ್ನು ಅವರು ಮೂಲ ಸ್ವಾತಂತ್ರ್ಯಗಳ ಪಟ್ಟಿಗೆ ಸೇರಿಸುವುದೂ ಇಲ್ಲ. ಆಸ್ತಿ ಕೆಲವರ ಕೈಯಲ್ಲಿ ಗುಡ್ಡೆಯಾಗದೆ ಹೆಚ್ಚು ಜನರಲ್ಲಿ ಹರಡಿರಬೇಕು ಎಂಬುದು ಅವರ ಪಕ್ಷ.

ಕೊರತೆ ಎಲ್ಲಿ? ಪರದೆ ಎಳೆದರೆ ಇತಿಹಾಸವೂ ಮರೆಯಾಗುತ್ತದೆ. ಯಾರು ಯಾರನ್ನು ಎಷ್ಟು ಕಾಲ ಅಂಗಳದ ಹೊರಗೆ ನಿಲ್ಲಿಸಿದರು ಎಂಬ ಲೆಕ್ಕ ಪರದೆಯ ಹಿಂದೆ ಸಿಗುವುದಿಲ್ಲ. ಬಡವರ ಗೆಳೆಯ ಎನಿಸಿಕೊಂಡ ರಾಲ್ಸ್ ಕೇಳದೆ ಬಿಟ್ಟ ಹಳೆಯ ಬಾಕಿಯನ್ನು ನೋಜಿಕ್ ಕೇಳುತ್ತಾರೆ. ಇಬ್ಬರನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಮಾತ್ರ ಇದು ಕಾಣುವುದು.

ಹಾಯೆಕ್: ಇದನ್ನು ತೀರ್ಮಾನಿಸಲು ನಿನಗೆ ಗೊತ್ತಿರುವುದೆಷ್ಟು?

ವಿಯೆನ್ನಾದಲ್ಲಿ 1899ರಲ್ಲಿ ಹುಟ್ಟಿದ ಫ್ರೆಡ್ರಿಕ್ ಹಾಯೆಕ್ 1974ರಲ್ಲಿ ಗುನ್ನಾರ್ ಮಿರ್ಡಾಲ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಅವರ 1945ರ ಒಂದು ಚಿಕ್ಕ ಲೇಖನ ಬೆಲೆಯ ಬಗ್ಗೆ. ಬೆಲೆ ಎನ್ನುವುದು ಸುದ್ದಿ ಸಾಗಿಸುವ ದಾರಿ ಎನ್ನುತ್ತಾರೆ. ಅಡಿಕೆ ಬೆಳೆಗಾರರಿಗೆ ಇದು ಬೇಗ ಹೊಳೆಯುತ್ತದೆ. ಧಾರಣೆ ಏರಿತು. ಯಾಕೆ ಏರಿತು ಎಂದು ತೋಟದಲ್ಲಿ ನಿಂತವರಿಗೆ ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ಕೊಡಬೇಕೋ ಇನ್ನೂ ಇಡಬೇಕೋ ಎಂದು ತೀರ್ಮಾನಿಸಲು ಆ ಒಂದು ಅಂಕಿ ಸಾಕು. ಇಷ್ಟು ಜನರ ತಲೆಯಲ್ಲಿ ಚದುರಿರುವ ತಿಳಿವಳಿಕೆಯನ್ನು ಒಂದು ಕಚೇರಿಯಲ್ಲಿ ಕೂತು ಕೂಡಿಸಲು ಆಗದು ಎಂಬುದು ಅವರ ಮುಖ್ಯ ಮಾತು.

ಹಾಗಾಗಿ ಸರ್ಕಾರ ಮಾಡಬೇಕಾದ್ದು ಎಲ್ಲರಿಗೂ ಒಂದೇ ಆದ, ಮೊದಲೇ ತಿಳಿದಿರುವ ನಿಯಮ. ಯಾರಿಗೆ ಎಷ್ಟು ಎಂದು ಹಂಚಲು ಹೊರಟರೆ ಸ್ವಾತಂತ್ರ್ಯ ಕರಗುತ್ತಾ ಹೋಗುತ್ತದೆ ಎಂಬ ಭಯ ಅವರದ್ದು. ‘ಸಾಮಾಜಿಕ ನ್ಯಾಯ’ ಎಂಬ ಮಾತನ್ನೇ ಅವರು ಒಪ್ಪುವುದಿಲ್ಲ. ಹಾಗೆಂದು ಬಡವರನ್ನು ಬೀದಿಗೆ ಬಿಡಿ ಎಂದವರೂ ಅಲ್ಲ. ಶ್ರೀಮಂತಿಕೆ ಒಂದು ಮಟ್ಟ ಮುಟ್ಟಿದ ದೇಶದಲ್ಲಿ ಊಟ, ಬಟ್ಟೆ, ಸೂರಿಗೆ ಬೇಕಾದ ಕನಿಷ್ಠ ಭದ್ರತೆ ಎಲ್ಲರಿಗೂ ಕೊಡಬಹುದು ಎಂದು 1944ರಲ್ಲೇ ಬರೆದಿದ್ದಾರೆ.

ಅರಸು ಕಾಲದ ಸುಧಾರಣೆಯನ್ನು ಹಾಯೆಕ್ ಒಪ್ಪುತ್ತಿರಲಿಲ್ಲ ಎಂಬುದರಲ್ಲಿ ನನಗೆ ಅನುಮಾನ ಇಲ್ಲ. ಮಂಡಳಿಯ ಮುಂದೆ ವಕೀಲರಿಗೆ ಜಾಗ ಇರಲಿಲ್ಲ. ಹಿಂದಿನ ಕರಾರುಗಳು ಒಂದೇ ದಿನದಲ್ಲಿ ಬಿದ್ದವು. ನಾನು ಆ ವಿಷಯದಲ್ಲಿ ಅವರ ಜೊತೆ ಇಲ್ಲ. ವಕೀಲರನ್ನು ಇಡುವ ಶಕ್ತಿ ಒಡೆಯರಿಗಿತ್ತು, ನಮ್ಮಜ್ಜನಿಗೆ ಇರಲಿಲ್ಲ. ಆದರೆ ಹಾಯೆಕ್ ಎಚ್ಚರಿಕೆ ಪೂರ್ತಿ ಸುಳ್ಳೂ ಅಲ್ಲ. ಗೇಣಿಯನ್ನೇ ನಿಷೇಧಿಸಿದ್ದರಿಂದ ಆಮೇಲೆ ಏನಾಯಿತು ಎಂದು ಕರಾವಳಿಯಲ್ಲಿ ಒಂದು ಸುತ್ತು ಹಾಕಿದರೆ ಕಾಣುತ್ತದೆ. ಹಡಿಲು ಬಿದ್ದ, ಅಂದರೆ ಬೇಸಾಯವಿಲ್ಲದೆ ಪಾಳುಬಿದ್ದ ಗದ್ದೆಗಳು. ಮಕ್ಕಳು ಮುಂಬೈಗೆ, ಗಲ್ಫ್‌ಗೆ ಹೋದರು. ಮಾಡುವವರಿಲ್ಲ. ಇನ್ನೊಬ್ಬರಿಗೆ ಮಾಡಲು ಕೊಡೋಣ ಅಂದರೆ ನಾಳೆ ಕೈಬಿಟ್ಟು ಹೋದೀತು ಎಂಬ ಹೆದರಿಕೆ. ಕೂಲಿ ಸಿಗದಿರುವುದೂ ಇನ್ನೊಂದು ಕಾರಣ, ನಿಜ. ಆದರೆ ಆ ಹೆದರಿಕೆಯನ್ನು ಕಾನೂನು ಬರೆದವರು ಎಣಿಸಿರಲಿಲ್ಲ.

ಸೇನ್: ಈಗ ಇವರು ಏನು ಮಾಡಬಲ್ಲರು?

ಅಮರ್ತ್ಯ ಸೇನ್ 1943ರ ಬಂಗಾಳದ ಬರವನ್ನು ಹುಡುಗನಾಗಿ ಕಂಡವರು. ಆ ಕಾಲದಲ್ಲೇ ಢಾಕಾದ ಅವರ ಮನೆಯ ಗೇಟಿಗೆ ಒಬ್ಬ ಮುಸ್ಲಿಂ ಕೂಲಿಯಾಳು ಇರಿತದ ಗಾಯದಲ್ಲಿ ರಕ್ತ ಸುರಿಸುತ್ತ ಬಂದ. ಕೋಮುಗಲಭೆಯ ದಿನಗಳು. ಆ ಕಡೆ ಹೋಗಬೇಡ ಎಂದು ಹೆಂಡತಿ ಹೇಳಿದ್ದಳಂತೆ. ಮನೆಯಲ್ಲಿ ತಿನ್ನಲು ಇರಲಿಲ್ಲ, ಕೆಲಸ ಹುಡುಕಿಕೊಂಡು ಬಂದಿದ್ದ. ಆಸ್ಪತ್ರೆಯಲ್ಲಿ ತೀರಿಕೊಂಡ. ಹೋಗದೆ ಇರುವ ಸ್ವಾತಂತ್ರ್ಯ ಅವನಿಗೆ ಕಾಗದದ ಮೇಲಿತ್ತು, ಬದುಕಿನಲ್ಲಿ ಇರಲಿಲ್ಲ. ಸೇನ್ ಅವರ ಚಿಂತನೆ ಪೂರ್ತಿ ಈ ಅಂತರದ ಬಗ್ಗೆ. ಬರದಲ್ಲಿ ಜನ ಸಾಯುವುದು ದೇಶದಲ್ಲಿ ಧಾನ್ಯ ಇಲ್ಲದ್ದರಿಂದಲೇ ಅಲ್ಲ, ಅದನ್ನು ಕೊಳ್ಳುವ ದಾರಿ ಮುಚ್ಚಿಹೋದದ್ದರಿಂದ ಎಂದು 1981ರ ಪುಸ್ತಕದಲ್ಲಿ ತೋರಿಸಿಕೊಟ್ಟರು.

2009ರ ‘ದಿ ಐಡಿಯಾ ಆಫ್ ಜಸ್ಟಿಸ್’ನಲ್ಲಿ ಮೂರು ಮಕ್ಕಳು ಒಂದು ಕೊಳಲಿಗೆ ಜಗಳ ಆಡುತ್ತಾರೆ. ಒಬ್ಬಳಿಗೆ ನುಡಿಸಲು ಬರುತ್ತದೆ. ಒಬ್ಬನಿಗೆ ಆಡಲು ಬೇರೆ ಏನೂ ಇಲ್ಲ. ಇನ್ನೊಬ್ಬಳು ಅದನ್ನು ಮಾಡಿದವಳು. ಮೂವರ ಮಾತಿನಲ್ಲೂ ಹುರುಳಿದೆ. ನಮ್ಮ ಗದ್ದೆಯ ಮೂವರಂತೆಯೇ. ಪರಿಪೂರ್ಣ ನ್ಯಾಯ ಯಾವುದು ಎಂದು ಹುಡುಕುತ್ತ ಕೂರುವ ಬದಲು, ಕಣ್ಣೆದುರಿನ ದಾರಿಗಳಲ್ಲಿ ಯಾವುದು ಅನ್ಯಾಯವನ್ನು ಕಡಿಮೆ ಮಾಡುತ್ತದೆ ಎಂದು ಹೋಲಿಸಿ ಎನ್ನುತ್ತಾರೆ ಸೇನ್. ನೀತಿ ಬೇರೆ, ನ್ಯಾಯ ಬೇರೆ ಎಂದು ನಮ್ಮ ಹಳೆಯ ಮಾತುಗಳನ್ನೇ ಎತ್ತಿಕೊಳ್ಳುತ್ತಾರೆ. ನಿಯಮ ಸರಿ ಇದ್ದರೆ ಸಾಲದು, ಜನರ ಬದುಕಿನಲ್ಲಿ ಏನಾಯಿತು ಎಂದೂ ನೋಡಬೇಕು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯ ನಡೆಯದಂತೆ ಕಾಯಬೇಕು.

ಈ ಕಣ್ಣಿನಿಂದ ನೋಡಿದರೆ ನಮ್ಮ ಮನೆಯ ಕಥೆ ಒಳ್ಳೆಯದೇ. ಗದ್ದೆ ನಮ್ಮದಾದ ಮೇಲೆ ಅಮ್ಮ ಹೈಸ್ಕೂಲು ಮುಗಿಸಿದರು. ಅಜ್ಜ ಯಾರದ್ದೋ ಅಂಗಳದಲ್ಲಿ ಮುಂಡಾಸು ತೆಗೆದು ನಿಲ್ಲುವುದು ನಿಂತಿತು. ಒಡತಿಯ ಬದುಕು ಮಾತ್ರ ಕುಗ್ಗಿತು. ಸೇನ್ ದಾರಿಯಲ್ಲಿ ಇದನ್ನೂ ಬರೆದಿಡಬೇಕು, ಮರೆಮಾಚುವಂತಿಲ್ಲ.

ಅಂಬೇಡ್ಕರ್: ಇವರು ಒಟ್ಟಿಗೆ ಬಾಳಬಲ್ಲರೇ?

ಇಂಥ ಹೋಲಿಕೆಗಳಲ್ಲಿ ಅಂಬೇಡ್ಕರ್ ಹೆಸರನ್ನು ಕೊನೆಗೆ ಗೌರವಕ್ಕೆಂದು ಸೇರಿಸುವುದು ನನಗೆ ಬಹಳ ಬೇಸರ ತರುತ್ತದೆ. ನಮ್ಮ ಪ್ರಶ್ನೆಗೆ ತೀರ ಹತ್ತಿರದಿಂದ ಉತ್ತರ ಕೊಟ್ಟವರೇ ಅವರು.

1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಅವರು ನೇರವಾಗಿ ಹೇಳುತ್ತಾರೆ: ಗೇಣಿ ಕಾನೂನುಗಳಿಂದ 6 ಕೋಟಿ ಅಸ್ಪೃಶ್ಯರಿಗೆ ಯಾವ ಉಪಯೋಗವೂ ಇಲ್ಲ, ಯಾಕೆಂದರೆ ಅವರು ಗೇಣಿದಾರರಲ್ಲ, ಭೂಮಿಯೇ ಇಲ್ಲದ ಕೂಲಿಗಳು. ಅವರ ಸಲಹೆ ಬೇರೆಯೇ ಇತ್ತು. ಭೂಮಿ ಸರ್ಕಾರದ್ದಾಗಿ, ಜಾತಿ ನೋಡದೆ ಊರವರಿಗೆಲ್ಲ ಕೊಟ್ಟು, ಕೂಡಿ ಬೇಸಾಯ ಮಾಡಬೇಕು. ಆ ದಾರಿ ನಡೆಯುತ್ತಿತ್ತೇ ಎಂದು ಹಾಯೆಕ್ ಪಕ್ಷದವರು ಕೇಳಬಹುದು, ಕೇಳಲಿ. ಆದರೆ ನಮ್ಮಲ್ಲಿ ಸುಧಾರಣೆ ಬರುವುದಕ್ಕೆ 27 ವರ್ಷ ಮೊದಲೇ ಅದರಲ್ಲಿ ಉಳಿಯಲಿದ್ದ ತೂತು ಎಲ್ಲಿ ಎಂದು ಅವರು ಬೆರಳಿಟ್ಟು ತೋರಿಸಿದ್ದರು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಎಚ್ಚರಿಸಿದ್ದೂ ಇದನ್ನೇ. ರಾಜಕೀಯದಲ್ಲಿ ಸಮಾನತೆ, ಸಮಾಜದಲ್ಲಿ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ. ಇಂಥ ವಿರೋಧಾಭಾಸದ ಬದುಕಿಗೆ ಕಾಲಿಡುತ್ತಿದ್ದೇವೆ ಎಂದರು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಮೂರನ್ನೂ ಬಿಡಿಬಿಡಿಯಾಗಿ ತೆಗೆದುಕೊಳ್ಳಲಾಗದು ಎಂದರು. ಉಳಿದ ನಾಲ್ವರು ಬಂಧುತ್ವಕ್ಕೆ ಇಷ್ಟು ತೂಕ ಕೊಡುವುದಿಲ್ಲ.

ಹಾಗಾದರೆ ಯಾರನ್ನು, ಯಾವಾಗ?

ಮೀಸಲಾತಿಯ ಚರ್ಚೆಯೇ? ರಾಲ್ಸ್ ಒಬ್ಬರೇ ಸಾಲರು. ಹಳೆಯ ಬಾಕಿ ಇರುವ ಜಾಗದಲ್ಲಿ ನೋಜಿಕ್ ಅವರ ಮೂರನೆಯ ನಿಯಮವನ್ನು ಮೇಜಿನ ಮೇಲಿಡಿ, ಅಂಬೇಡ್ಕರ್ ಅವರನ್ನು ಪಕ್ಕದಲ್ಲಿಡಿ. ತೆರಿಗೆ ಎಷ್ಟಿರಬೇಕು ಎಂಬ ಮಾತಾದರೆ ರಾಲ್ಸ್ ಮತ್ತು ನೋಜಿಕ್ ಜಟಾಪಟಿಯೇ ಸಾಕು.

ಗ್ಯಾರಂಟಿ ಯೋಜನೆಗಳ ಬಗ್ಗೆ ಜಗಳವಾದರೆ ಹಾಯೆಕ್ ಮತ್ತು ಸೇನ್ ಇಬ್ಬರೂ ಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ಕೈಗೆ ಬರುವ ದುಡ್ಡು, ಹೇಗೆ ಖರ್ಚು ಮಾಡಬೇಕು ಎಂಬುದು ಆಕೆಗೇ ಬಿಟ್ಟದ್ದು. ಸಹಾಯ ಮಾಡುವುದೇ ಆದರೆ ಹೀಗೆ ಮಾಡಿ ಎಂದು ಹಾಯೆಕ್ ದಾರಿಯವರು ಹೇಳಬಹುದು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಬಸ್ಸನ್ನು ಸೇನ್ ಬೇರೆ ರೀತಿ ಅಳೆಯುತ್ತಾರೆ. ಟಿಕೆಟ್ಟಿನ ಬೆಲೆ ಎಷ್ಟು ಉಳಿಯಿತು ಎನ್ನುವುದಕ್ಕಿಂತ, ಮೊದಲು ಹೋಗಲಾಗದಿದ್ದ ಎಲ್ಲಿಗೆ ಈಗ ಆಕೆ ಹೋಗಬಲ್ಲಳು ಎಂದು.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದು, ಬೇಸಾಯಗಾರರಲ್ಲದವರೂ ಕೃಷಿಭೂಮಿ ಕೊಳ್ಳಬಹುದು ಎಂದಾಯಿತು. ಮಾರುವ ಸ್ವಾತಂತ್ರ್ಯ ಜಾಸ್ತಿ ಆಯಿತು ಎಂದು ಹಾಯೆಕ್, ನೋಜಿಕ್ ಒಪ್ಪುವ ತಿದ್ದುಪಡಿ ಇದು. ಸಾಲದ ಒತ್ತಡದಲ್ಲಿ ಮಾರುವವನದು ನಿಜವಾದ ಆಯ್ಕೆಯೇ ಎಂದು ಸೇನ್ ಕೇಳುತ್ತಾರೆ. ನನಗೆ ಸೇನ್ ಪ್ರಶ್ನೆಯೇ ದೊಡ್ಡದು ಎನಿಸುತ್ತದೆ.

ಒಬ್ಬರನ್ನೇ ಆರಿಸಿ ಎಂದರೆ ನಾನು ಸೇನ್ ಅವರನ್ನು ಹಿಡಿಯುತ್ತೇನೆ. ಬದುಕಿನಲ್ಲಿ ಆದದ್ದನ್ನು ಎಣಿಸದ ನ್ಯಾಯ ನನಗೆ ಬೇಡ. ಆದರೆ ಎಷ್ಟು ಎಣಿಸಿದರೂ ಹಳೆಯ ಮೋಸದ ಲೆಕ್ಕ ಬಾರದೆ ಹೋಗಬಹುದು, ಅದಕ್ಕೆ ಕೊಳಗದ ಪ್ರಶ್ನೆ ಕೈಯಲ್ಲಿರಲಿ.

ಓದಲು ಶುರು ಮಾಡುವವರು ಅಂಬೇಡ್ಕರ್ ಅವರ 1949ರ ಭಾಷಣ ಮೊದಲು ಓದಿ, ಒಂದು ಸಂಜೆಯಲ್ಲಿ ಮುಗಿಯುತ್ತದೆ. ಆಮೇಲೆ ಹಾಯೆಕ್ ಅವರ ಚಿಕ್ಕ ಲೇಖನ. ಮೂರನೆಯದು ಸೇನ್ ಅವರ 1999ರ ‘ಡೆವಲಪ್‌ಮೆಂಟ್ ಆಸ್ ಫ್ರೀಡಂ’. ರಾಲ್ಸ್ ಪುಸ್ತಕ ದಪ್ಪ, ಮೊದಲ ಅಧ್ಯಾಯ ನಿಧಾನವಾಗಿ ಓದಿ. ಅದಾದ ಮೇಲೆಯೇ ನೋಜಿಕ್ ಅವರ ಏಳನೆಯ ಅಧ್ಯಾಯ, ಯಾಕೆಂದರೆ ಅದು ರಾಲ್ಸ್‌ಗೆ ಕೊಟ್ಟ ಉತ್ತರ.

ಗದ್ದೆ ನಮ್ಮ ಹೆಸರಿಗೆ ಆದ ಮೇಲೂ ಅಜ್ಜಿ ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಒಂದು ಅಕ್ಕಿ ಮುಡಿಯನ್ನು ಒಡತಿಯ ಮನೆಗೆ ಕಳಿಸುತ್ತಿದ್ದರಂತೆ. ಗೇಣಿ ಅಂತ ಅಲ್ಲ, ಸುಮ್ನೆ. ಅವರು ತೀರಿಕೊಳ್ಳುವವರೆಗೂ ಅದು ನಡೆಯಿತು. ಅಮ್ಮ ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಒಮ್ಮೆ ನಾನು ಕೇಳಿದೆ, ನೇಜಿಗೆ ಬರುತ್ತಿದ್ದವರ ಮನೆಗೂ ಮುಡಿ ಹೋಗುತ್ತಿತ್ತಾ ಅಂತ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅವರಿಗೆ ಕೂಲಿ ಕೊಡ್ತಿದ್ದೆವಲ್ಲ” ಅಂದರು.